ಬ್ಯಾಟರಿ ಬದಲಿಸೋ ಮುಂಚೆ ಆಲ್ಟರ್ನೇಟರ್ ನೋಡಿ

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋನು, ಎಂ.ಟೆಕ್ ಓದಿದ್ದು ಎಲೆಕ್ಟ್ರಿಕಲ್‌ನಲ್ಲಿ. ಇಲ್ಲಿರೋ ನಮ್ಮವರು ಬಹಳ ಜನ ಹಬ್ಬಕ್ಕೆ ರಜೆ ಸಿಕ್ಕ ಕೂಡಲೇ ಆಫೀಸು ಮುಗಿಸಿ, ರಾತ್ರಿನೇ ಬೆಳಗಾವಿ, ಹುಬ್ಬಳ್ಳಿ ಕಡೆ ಕಾರು ತಗೊಂಡು ಹೊರಡೋರು. ರಾತ್ರಿ, ಮೇಲೆ ಮಳೆ. ಹೆಡ್‌ಲೈಟ್, ವೈಪರ್, ಎ.ಸಿ. ಎಲ್ಲಾ ಒಟ್ಟಿಗೆ ನಡೀತಿರುತ್ತೆ. ಆಲ್ಟರ್ನೇಟರ್‌ಗೆ ನಿಜವಾದ ಪರೀಕ್ಷೆ ಅದೇ. ಅದು ಕೈಕೊಟ್ಟಾಗ ಮಾತ್ರ ನಾವು ಬೈಯೋದು ಬ್ಯಾಟರಿನ.

ನಮ್ಮ ಸೊಸೈಟಿಯಲ್ಲಿ ಧಾರವಾಡದ ಗೆಳೆಯರೊಬ್ಬರಿದ್ದಾರೆ. ಕಾರು ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ ಅಂತ ಹೊಸ ಬ್ಯಾಟರಿ ಹಾಕಿಸಿದ್ರು. ಮೂರನೇ ದಿನ ಮತ್ತೆ ಅದೇ ಕಥೆ. ನನ್ನ ಮೀಟರ್ ಹಿಡಿದು ನೋಡಿದ್ರೆ, ಇಂಜಿನ್ ಓಡ್ತಿರುವಾಗಲೂ 12.2 ವೋಲ್ಟ್. ಹೊಸ ಬ್ಯಾಟರಿ ಪಾಪ ಏನ್ ಮಾಡುತ್ತೆ? ಸಂಬಳ ಬೀಳದ ಅಕೌಂಟಿನ ಹಾಗೆ ಕರಗ್ತಾ ಹೋಗುತ್ತೆ ಅಷ್ಟೆ.

ಬ್ಯಾಟರಿಯ ಮುಖ್ಯ ಕೆಲಸ ಸೆಲ್ಫ್ ತಿರುಗಿಸೋದು. ಕೆಲವೇ ಸೆಕೆಂಡು, ಆದ್ರೆ ನೂರಕ್ಕೂ ಹೆಚ್ಚು ಆಂಪಿಯರ್. ಇಂಜಿನ್ ಹತ್ತಿಕೊಂಡ ಮೇಲೆ ದೀಪ, ಫ್ಯಾನು, ಇಂಧನದ ಪಂಪು, ಎಲ್ಲಕ್ಕೂ ಕರೆಂಟು ಕೊಡೋದು ಆಲ್ಟರ್ನೇಟರ್. ಖಾಲಿಯಾದ ಬ್ಯಾಟರಿಯನ್ನು ತುಂಬಿಸೋದೂ ಅದೇ.

ಒಳಗಡೆ ಏನಿದೆ ಅಂದ್ರೆ, ನಡುವೆ ತಿರುಗೋ ಒಂದು ವಿದ್ಯುತ್‌ಕಾಂತ, ಅದಕ್ಕೆ ರೋಟರ್ ಅಂತಾರೆ. ಸುತ್ತ ಅಲುಗಾಡದೆ ಕೂತಿರೋ ತಾಮ್ರದ ವೈಂಡಿಂಗ್, ಅದು ಸ್ಟೇಟರ್. ಇಂಜಿನ್ನಿನ ಬೆಲ್ಟು ರೋಟರನ್ನು ಇಂಜಿನ್ನಿಗಿಂತ ಎರಡು-ಮೂರು ಪಟ್ಟು ಜೋರಾಗಿ ತಿರುಗಿಸುತ್ತೆ. ಸ್ಟೇಟರ್‌ನಲ್ಲಿ ಮೂರು ಫೇಸಿನ ಎ.ಸಿ. ಹುಟ್ಟುತ್ತೆ, ಡಯೋಡ್‌ಗಳು ಅದನ್ನ ಡಿ.ಸಿ. ಮಾಡ್ತವೆ.

ನನಗೆ ಇದರಲ್ಲಿ ತುಂಬ ಇಷ್ಟವಾಗೋದು ರೆಗ್ಯುಲೇಟರ್. ಇಂಜಿನ್ ಸಿಗ್ನಲ್‌ನಲ್ಲಿ 800 ಸುತ್ತು ತಿರುಗ್ತಿರುತ್ತೆ, ಹೈವೇನಲ್ಲಿ 3000 ದಾಟುತ್ತೆ. ಆದ್ರೆ ವೋಲ್ಟೇಜು ಮಾತ್ರ 14ರ ಆಸುಪಾಸೇ ಇರಬೇಕು. ಅದಕ್ಕೆ ಅದು ರೋಟರ್‌ಗೆ ಹೋಗೋ ಕರೆಂಟನ್ನು ಕ್ಷಣಕ್ಷಣಕ್ಕೂ ಹೆಚ್ಚು ಕಡಿಮೆ ಮಾಡ್ತಾ ಇರುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದು ಫೀಡ್‌ಬ್ಯಾಕ್ ಲೂಪ್. ಅಲ್ಲಿ ಹರಿಯೋದು ನಾಲ್ಕೈದು ಆಂಪಿಯರ್, ಹತೋಟಿಯಲ್ಲಿರೋದು 70-80 ಆಂಪಿಯರ್. ಆ ಚಿಕ್ಕ ಕರೆಂಟು ರೋಟರ್‌ಗೆ ಮುಟ್ಟೋದು ಎರಡು ಪುಟ್ಟ ಕಾರ್ಬನ್ ಬ್ರಷ್‌ಗಳ ಮೂಲಕ. ಗೆಳೆಯರ ಕಾರಲ್ಲಿ ಸವೆದು ಹೋಗಿದ್ದು ಅವೇ. ಬ್ಯಾಟರಿಯ ದುಡ್ಡಿಗೆ ಹೋಲಿಸಿದ್ರೆ ಆ ರಿಪೇರಿ ಏನೂ ಅಲ್ಲ.

ಹಳೇ ಕಾರುಗಳ ಡೈನಮೊದಲ್ಲಿ ಇಡೀ ಕರೆಂಟೇ ಬ್ರಷ್ ಮೂಲಕ ಬರಬೇಕಿತ್ತು, ಐಡಲಿಂಗ್‌ನಲ್ಲಿ ಚಾರ್ಜಿಂಗ್ ಹೆಚ್ಚುಕಡಿಮೆ ಸೊನ್ನೆ. ಅಗ್ಗದ ಸಿಲಿಕಾನ್ ಡಯೋಡ್ ಬಂದ ಮೇಲೆ, 1960ರ ಹೊತ್ತಿಗೆ ಅಮೆರಿಕದ ಕ್ರೈಸ್ಲರ್ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಕೊಟ್ಟಿತು. ನಮ್ಮ ಎಷ್ಟೋ ಮೆಕ್ಯಾನಿಕ್‌ಗಳು ಇವತ್ತಿಗೂ ಇದನ್ನ ಡೈನಮೊ ಅಂತಲೇ ಕರೀತಾರೆ. ಕರೀಲಿ ಬಿಡಿ.

ಈಗ ನೀವೇ ಮಾಡಬಹುದಾದ ಪರೀಕ್ಷೆ. ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6ರ ಹತ್ತಿರ ತೋರಿಸಬೇಕು. ಸ್ಟಾರ್ಟ್ ಮಾಡಿದ ಮೇಲೆ 13.8ರಿಂದ 14.5. ಹೆಡ್‌ಲೈಟು, ಎ.ಸಿ. ಬ್ಲೋವರ್ ಎಲ್ಲಾ ಹಾಕಿ, ಇಂಜಿನ್ ಸ್ವಲ್ಪ ರೇಸ್ ಮಾಡಿದಾಗಲೂ 13ರ ಹತ್ತಿರಕ್ಕೆ ಇಳಿದ್ರೆ ಅನುಮಾನ ಪಡಿ. 15 ದಾಟಿದ್ರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುತ್ತೆ. ಆದ್ರೆ ಹೊಸ ಕಾರುಗಳಲ್ಲಿ ಇಂಧನ ಉಳಿಸೋಕೆ ಕಂಪ್ಯೂಟರೇ ಚಾರ್ಜಿಂಗ್ ತಗ್ಗಿಸೋದುಂಟು. ಅಂಥ ಕಾರಲ್ಲಿ ಒಂದು ಸಲ ಕಡಿಮೆ ತೋರಿಸಿದ ಮಾತ್ರಕ್ಕೆ ತೀರ್ಮಾನಕ್ಕೆ ಬರಬೇಡಿ.

ಕಡಿಮೆ ತೋರಿಸಿದ್ರೂ ಆಲ್ಟರ್ನೇಟರ್ ಬಿಚ್ಚಿಸೋಕೆ ಮೊದಲು ಟರ್ಮಿನಲ್ ನೋಡಿ. ಹಸಿರು-ಬಿಳಿ ಪುಡಿ ಕೂತಿದ್ಯಾ, ಅರ್ಥಿಂಗ್ ವೈರು ಸಡಿಲ ಆಗಿದ್ಯಾ? ಆಮೇಲೆ ಬೆಲ್ಟು. ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕೀಂಯ್ ಅಂತ ಕಿರುಚಿದ್ರೆ ಬೆಲ್ಟು ಜಾರ್ತಿದೆ ಅಂತ. ಗುರ್ ಅನ್ನೋ ಸದ್ದು ಇಂಜಿನ್ ವೇಗದ ಜೊತೆ ಏರ್ತಾ ಇದ್ರೆ ಬೇರಿಂಗ್ ಇರಬಹುದು. ಇಂಜಿನ್ ಬೇಗೆ ಜೋರು ನೀರು ಹೊಡೆಸೋ ಚಟ ಬಿಡಿ. ಬೇರಿಂಗ್, ಬ್ರಷ್ ಎರಡಕ್ಕೂ ಅದು ಶತ್ರು. ಪೂರ್ತಿ ಸತ್ತ ಬ್ಯಾಟರಿಯನ್ನು ಜಂಪ್ ಸ್ಟಾರ್ಟ್ ಮಾಡಿದ್ರೆ, ಆಮೇಲೆ ಹೊರಗಿನ ಚಾರ್ಜರ್‌ಗೆ ಹಾಕಿ. ಆ ಭಾರ ಆಲ್ಟರ್ನೇಟರ್ ಮೇಲೆ ಹೊರಿಸಿದ್ರೆ ಅದು ಕಾದು ಹೋಗುತ್ತೆ.

ಒಂದು ವಿಷಯಕ್ಕೆ ಮಾತ್ರ ಜಗಳ ಆಡಿಯಾದ್ರೂ ತಡೀರಿ. ಇಂಜಿನ್ ಓಡ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು, "ಗಾಡಿ ನಿಲ್ಲಲಿಲ್ಲ ನೋಡಿ, ಆಲ್ಟರ್ನೇಟರ್ ಸರಿ ಇದೆ ಸಾರ್" ಅನ್ನೋ ಪರೀಕ್ಷೆ. ಡೈನಮೊ ಕಾಲದ್ದು ಇದು. ಬ್ಯಾಟರಿ ಕಿತ್ತ ಕ್ಷಣ ಹರೀತಿದ್ದ ಕರೆಂಟಿಗೆ ಜಾಗ ಇರಲ್ಲ, ವೋಲ್ಟೇಜು ಒಮ್ಮೆಗೇ ಹಲವು ಪಟ್ಟು ಜಿಗಿಯುತ್ತೆ. ಇ.ಸಿ.ಯು. ಸುಟ್ಟರೆ ಬಿಲ್ಲು ಕಟ್ಟೋರು ನೀವೇ.

ಇನ್ನು ಖಂಬಾಟಕಿ ಘಾಟಿನಲ್ಲಿ, ರಾತ್ರಿ, ಕೆಂಪು ಬ್ಯಾಟರಿ ದೀಪ ಹತ್ತಿತು ಅಂದ್ಕೊಳ್ಳಿ. ಮೊದಲು ಟೆಂಪರೇಚರ್ ನೋಡಿ. ಕೆಲವು ಇಂಜಿನ್‌ಗಳಲ್ಲಿ ವಾಟರ್ ಪಂಪ್ ಓಡೋದೂ ಅದೇ ಬೆಲ್ಟಿನ ಮೇಲೆ. ಅದು ಏರ್ತಾ ಇದ್ರೆ ಬೆಲ್ಟು ಹರಿದಿರಬಹುದು, ಜಾಗ ನೋಡಿ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ. ಏರದಿದ್ರೆ ಎ.ಸಿ., ಮ್ಯೂಸಿಕ್, ಫೋನ್ ಚಾರ್ಜರ್ ಬಂದ್ ಮಾಡಿ. ಹೆಡ್‌ಲೈಟ್, ವೈಪರ್ ಇರಲಿ. ಚಿಕ್ಕ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್ ಅಂದ್ರೆ, ಉಳಿದ ಲೋಡು 25-30 ಆಂಪಿಯರ್. ಕಾಗದದ ಮೇಲೆ ಒಂದು ತಾಸು, ರಸ್ತೆ ಮೇಲೆ ಅರ್ಧ ತಾಸು ಅಂತ ಲೆಕ್ಕ ಹಿಡೀರಿ. ಬ್ಯಾಟರಿ ಹಳೇದಾದ್ರೆ ಅದೂ ಇಲ್ಲ. ಇಳಿಜಾರಲ್ಲಿ ಇಂಜಿನ್ ಆಫ್ ಮಾಡಿ ಉಳಿಸೋಕೆ ಹೋಗಬೇಡಿ, ಸ್ಟೀರಿಂಗೂ ಬ್ರೇಕೂ ಕಲ್ಲಾಗ್ತವೆ, ಮತ್ತೆ ಸೆಲ್ಫ್ ಹೊಡೆಯೋಕೆ ಬ್ಯಾಟರಿಯಲ್ಲಿ ಜೀವ ಇರಲ್ಲ. ಬೆಳಕು, ಜನ ಇರೋ ಪೆಟ್ರೋಲ್ ಬಂಕೋ ಧಾಬಾನೋ ಸಿಕ್ಕ ಕಡೆ ನಿಲ್ಲಿಸಿ, ಅಲ್ಲಿಂದ ಮೆಕ್ಯಾನಿಕ್‌ಗೆ ಫೋನ್ ಮಾಡಿ.