ಸುಣ್ಣ-ತಂಬಾಕಿನ ಸಂಚಿ



ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ಬಸ್ಸಿನಲ್ಲಿ ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಬೆರೆಸಿ ತಿಕ್ಕುವವರನ್ನು ನೀವೂ ಕಂಡಿರಬಹುದು. ಸುಣ್ಣ ಸೇರಿದರೆ ನಿಕೋಟಿನ್ ಬೇಗನೆ ರಕ್ತಕ್ಕಿಳಿಯುತ್ತದೆ, ಚಟವೂ ಬಿಗಿಯುತ್ತದೆ. ಬಾಯಲ್ಲಿ ಮಾಯದ ಹುಣ್ಣಾಗಲಿ ಬಿಳಿಯ ಮಚ್ಚೆಯಾಗಲಿ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಅದು ಕ್ಯಾನ್ಸರಿನ ಮುನ್ಸೂಚನೆಯಾಗಿರಬಹುದು. ಕಿದ್ವಾಯಿ ಸಂಸ್ಥೆಯ ಚಿಕಿತ್ಸಾ ಕೇಂದ್ರ ಕಲಬುರಗಿಯಲ್ಲಿಯೇ ಇದೆ. ಆದರೆ ದುಡಿಯುವವನೊಬ್ಬನ ದವಡೆಗೆ ಬಂದ ರೋಗ ಇಡೀ ಸಂಸಾರವನ್ನು ಆಸ್ಪತ್ರೆಯ ಜಗಲಿಯಲ್ಲಿ ಕೂರಿಸುತ್ತದೆ.

ಬಿಟ್ಟ ಮೊದಲ ಮೂರು ದಿನ ಕಠಿಣವೇ ಸರಿ. ಆದರೂ ಒಂದೊಂದು ಸಲದ ಬಯಕೆ ಕೆಲವೇ ನಿಮಿಷಗಳದು. ಆ ಹೊತ್ತಿಗೆ ನೀರು ಕುಡಿಯಿರಿ, ನಾಲ್ಕು ಕಾಳು ಸೋಂಪು ಅಗಿಯಿರಿ. 1800-11-2356ಕ್ಕೆ ದೂರವಾಣಿ ಮಾಡಿದರೆ ಉಚಿತ ಸಲಹೆ ದೊರೆಯುತ್ತದೆ. ಉಳಿದ ಹಣದಲ್ಲಿ ಮನೆಗೆ ಕಮಲಾಪುರದ ಕೆಂಪು ಬಾಳೆಹಣ್ಣು ಒಯ್ಯಿರಿ. ನಿಮ್ಮಿಂದ ಮಕ್ಕಳ ಕೈಗೆ ಹಣ್ಣು ಬರಲಿ, ಸಂಚಿ ಬಾರದಿರಲಿ.