ಬೆಂಕಿ ಆರಿಸುವ ಶಾಲೆ ಮತ್ತು ನೆರೆಯವರ ನೀರು

(ಬೇಸಿಗೆಗೆ ಮುನ್ನ ನಡೆದ ಕಾಡ್ಗಿಚ್ಚು ತಡೆ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಂಕಿ ಆರಿಸುವವರ ಬಗ್ಗೆ ನಮಗೆಲ್ಲರಿಗೂ ಗೌರವವಿದೆ. ದರಕು ಒಣಗಿ ಗುಡ್ಡಕ್ಕೆ ಕಿಚ್ಚು ಬಿದ್ದಾಗ ಹಸಿ ಸೊಪ್ಪಿನ ಕೊಂಬೆ ಹಿಡಿದು ಓಡಿದವರು ಈ ಸಭೆಯಲ್ಲಿಯೇ ಅನೇಕರಿದ್ದೀರಿ. ಆದ್ದರಿಂದ ನಾನು ಹೇಳಲಿರುವುದನ್ನು ಅಗ್ನಿಶಾಮಕ ಸಿಬ್ಬಂದಿಯ ಮೇಲಿನ ದೂರೆಂದು ದಯವಿಟ್ಟು ಭಾವಿಸಬೇಡಿ. ಈ ಕಥೆಯಲ್ಲಿ ಮೊದಲು ನೊಂದವರು ಅವರೇ. ಅವರ ನಂತರ ನೊಂದವರು ಅವರ ನೆರೆಹೊರೆಯವರು.

ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ ಕಾಡ್ಗಿಚ್ಚಿಗೆ ಹೆಸರಾದ ನಾಡು. 2009ರ ಫೆಬ್ರವರಿ 7ರಂದು ಹೊತ್ತಿದ ಬೆಂಕಿಗೆ ಅಲ್ಲಿ 173 ಜನ ಬಲಿಯಾದರು. ಅಂಥ ನಾಡಿನಲ್ಲಿ ಬೆಂಕಿ ಆರಿಸುವ ಶಿಕ್ಷಣ ಬೇಡವೆನ್ನಲು ಯಾರಿಗೂ ಸಾಧ್ಯವಿಲ್ಲ. ಅಲ್ಲಿನ ಗ್ರಾಮಾಂತರ ಅಗ್ನಿಶಾಮಕ ಸಂಸ್ಥೆಯಾದ ಕಂಟ್ರಿ ಫೈರ್ ಅಥಾರಿಟಿ ಬಹುಪಾಲು ಸ್ವಯಂಸೇವಕರಿಂದಲೇ ನಡೆಯುತ್ತದೆ. ಮೆಲ್ಬೋರ್ನ್ ನಗರದ ಪಶ್ಚಿಮಕ್ಕೆ, ಬ್ಯಾಲನ್ ಪಟ್ಟಣದ ಬಳಿಯ ಫಿಸ್ಕ್‌ವಿಲ್ ಎಂಬಲ್ಲಿ ಈ ಸಂಸ್ಥೆ 1972ರಲ್ಲಿ ತನ್ನ ತರಬೇತಿ ಕಾಲೇಜನ್ನು ಆರಂಭಿಸಿತು. ಸುತ್ತಲೂ ಕುರಿ ಸಾಕುವ ರೈತರ ಹೊಲಗಳು.

ಬೆಂಕಿ ಆರಿಸಲು ಕಲಿಯಬೇಕಾದರೆ ಮೊದಲು ಬೆಂಕಿ ಹಚ್ಚಬೇಕು. ಹಚ್ಚಲು ಇಂಧನ ಬೇಕು. ಆರಂಭದ ವರ್ಷಗಳಲ್ಲಿ ಕಾರ್ಖಾನೆಗಳು ತಮಗೆ ಬೇಡವಾದ ದ್ರಾವಣಗಳನ್ನು ಡ್ರಮ್ಮುಗಳಲ್ಲಿ ತುಂಬಿ ಫಿಸ್ಕ್‌ವಿಲ್‌ಗೆ ಉಚಿತವಾಗಿ ಕೊಟ್ಟವು. ಕಾರ್ಖಾನೆಗೆ ಕಸ ಕಳೆಯಿತು, ಶಾಲೆಗೆ ಖರ್ಚು ಉಳಿಯಿತು. ಎಷ್ಟೋ ಡ್ರಮ್ಮುಗಳಲ್ಲಿ ಏನಿದೆ ಎಂಬುದೇ ತಿಳಿದಿರಲಿಲ್ಲ. ಅವನ್ನು ಗುಂಡಿಗೆ ಸುರಿದು ಸುಟ್ಟರು. ಕೆಲವನ್ನು ಅಲ್ಲಿಯೇ ಹೂತರು. ಆ ಹೊಗೆಯಲ್ಲಿ ನಿಂತು ಪಾಠ ಹೇಳಿದವರೂ ಕಲಿತವರೂ ಸ್ವಯಂಸೇವೆಯ ಹುರುಪಿನಿಂದ ಬಂದವರಾಗಿದ್ದರು. ಶಿಕ್ಷಕರ ಕುಟುಂಬಗಳು ಆ ಆವರಣದಲ್ಲಿಯೇ ವಾಸವಾಗಿದ್ದವು.

ಎಣ್ಣೆಯ ಬೆಂಕಿಗೆ ನೀರು ಸಾಲದು, ನೊರೆ ಬೇಕು. ನೊರೆಯಿಂದ ಇಳಿದ ತೆಳು ಪೊರೆ ಎಣ್ಣೆಯ ಮೇಲೆ ಹರಡಿ, ಆವಿ ಏಳದಂತೆ, ಗಾಳಿ ತಾಗದಂತೆ ತಡೆಯುತ್ತದೆ. ಈ ಗುಣ ನೀಡುವ ಪಿಎಫ್‌ಓಎಸ್, ಪಿಎಫ್‌ಓಎ ಮೊದಲಾದವು ಪಿಎಫ್‌ಎಎಸ್ ಎಂಬ ದೊಡ್ಡ ಕುಲಕ್ಕೆ ಸೇರಿದ ರಾಸಾಯನಿಕಗಳು. ಇವುಗಳಲ್ಲಿನ ಇಂಗಾಲ ಮತ್ತು ಫ್ಲೋರಿನ್‌ಗಳ ಬೆಸುಗೆ ಅತ್ಯಂತ ಗಟ್ಟಿ. ಬಿಸಿಲು, ಮಳೆ, ಮಣ್ಣಿನ ಸೂಕ್ಷ್ಮಜೀವಿ ಯಾವುದೂ ಅದನ್ನು ಸುಲಭವಾಗಿ ಮುರಿಯಲಾರದು. ಕುದಿಸಿದರೂ ಇವು ನೀರಿನಿಂದ ಹೋಗುವುದಿಲ್ಲ. ದೇಹ ಸೇರಿದ ಪಿಎಫ್‌ಓಎಸ್‌ನ ಅರ್ಧಾಂಶ ಹೊರಹೋಗಲು ವರ್ಷಗಳೇ ಬೇಕು.

ಫಿಸ್ಕ್‌ವಿಲ್‌ನಲ್ಲಿ ತರಬೇತಿಯ ನೊರೆ ಮತ್ತು ನೀರು ಹೊಂಡಗಳಿಗೆ, ಅಲ್ಲಿಂದ ಆವರಣದ ಕೆರೆಗೆ ಇಳಿಯುತ್ತಿತ್ತು. ಕೆರೆಯ ನೀರು ಬೆರೆಂಬೋಕ್ ಹಳ್ಳದ ಮೂಲಕ ಮೂರಬೂಲ್ ನದಿಯ ಕಡೆಗೆ ಹರಿಯುತ್ತದೆ. ಬೇಲಿ ಕುರಿಯನ್ನು ತಡೆಯುತ್ತದೆ, ನೀರನ್ನು ತಡೆಯುವುದಿಲ್ಲ. ಕಡೆಗೆ ನೆರೆಯ ಹೊಲದ ಕುರಿಗಳಲ್ಲಿಯೂ, ಸಾಕಿದವರ ರಕ್ತದಲ್ಲಿಯೂ ಪಿಎಫ್‌ಓಎಸ್ ಪತ್ತೆಯಾಯಿತು.

ಇಷ್ಟು ಕಾಲ ಯಾರೂ ಮಾತನಾಡಲಿಲ್ಲವೇ ಎಂದು ನೀವು ಕೇಳಬಹುದು. ಊರಿಗೆ ಬೆಂಕಿ ಬಿದ್ದಾಗ ಓಡಿಬರುವ ಸಂಸ್ಥೆಯ ವಿರುದ್ಧ ಬಾಯಿ ತೆರೆಯುವುದು ಸುಲಭವಲ್ಲ. ಆ ಮೌನವನ್ನು ಮುರಿದವರು ಆ ಸಂಸ್ಥೆಯ ಮುಖ್ಯಾಧಿಕಾರಿಯಾಗಿದ್ದ ಬ್ರಯನ್ ಪಾಟರ್. ಸ್ವತಃ ಕ್ಯಾನ್ಸರ್‌ನಿಂದ ನರಳುತ್ತಿದ್ದ ಅವರು 2011ರಲ್ಲಿ ಪತ್ರಿಕೆಯ ಮುಂದೆ ತಮ್ಮ ಆತಂಕವನ್ನು ಇಟ್ಟರು, 2014ರಲ್ಲಿ ತೀರಿಕೊಂಡರು. 2012ರಲ್ಲಿ ರಾಬರ್ಟ್ ಜಾಯ್ ಅವರ ತನಿಖಾ ವರದಿ ಬಂದಿತು. ಮಾಲಿನ್ಯದ ಸುಳಿವು ಕಡತಗಳಲ್ಲಿ ದಶಕಗಳಿಂದಲೇ ಇತ್ತೆಂಬುದು ಆಗ ಬೆಳಕಿಗೆ ಬಂದಿತು. 2015ರ ಮಾರ್ಚ್‌ನಲ್ಲಿ ಕಾಲೇಜು ಶಾಶ್ವತವಾಗಿ ಮುಚ್ಚಿತು. 2016ರಲ್ಲಿ ರಾಜ್ಯದ ಸಂಸದೀಯ ಸಮಿತಿ ವರದಿ ಸಲ್ಲಿಸಿತು. ನೊಂದವರಿಗಾಗಿ ಪರಿಹಾರ ಯೋಜನೆ ಘೋಷಣೆಯಾದದ್ದು 2022ರಲ್ಲಿ. ಮೊದಲ ಡ್ರಮ್ಮು ಸುರಿದು ಆಗಲೇ ಅರ್ಧ ಶತಮಾನ ಕಳೆದಿತ್ತು.

ವಿಜ್ಞಾನವೂ ತಡವಾಗಿಯೇ ಮಾತನಾಡಿತು. ಪಿಎಫ್‌ಓಎಸ್ 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿರ್ಬಂಧಿತ ವಸ್ತುಗಳ ಪಟ್ಟಿಗೆ ಸೇರಿತು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. 2023ರಲ್ಲಿ ಪಿಎಫ್‌ಓಎಯನ್ನು ಅದೇ ವರ್ಗಕ್ಕೆ ಸೇರಿಸಿ, ಪಿಎಫ್‌ಓಎಸ್ ಕ್ಯಾನ್ಸರ್ ತರುವ ಸಾಧ್ಯತೆಯಿದೆಯೆಂದಿತು. 2024ರಲ್ಲಿ ಅಮೆರಿಕ ಕುಡಿಯುವ ನೀರಿನಲ್ಲಿ ಇವೆರಡಕ್ಕೂ ನಿಗದಿಪಡಿಸಿದ ಮಿತಿ, ಒಂದು ಲೀಟರಿಗೆ ತಲಾ 4 ನ್ಯಾನೋಗ್ರಾಂ. ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲೇ ನ್ಯಾನೋಗ್ರಾಂ.

ದೂರದ ಈ ಕಥೆಗೂ ನಮ್ಮ ಬೆಟ್ಟಗಳಿಗೂ ಏನು ಸಂಬಂಧ? ಗುಡ್ಡದ ಬೆಂಕಿಗೆ ನಾವು ಈ ನೊರೆ ಬಳಸುವುದಿಲ್ಲ, ನಿಜ. ಆದರೆ ಘಟ್ಟದ ರಸ್ತೆಯಲ್ಲಿ ಪೆಟ್ರೋಲ್ ಟ್ಯಾಂಕರ್ ಉರುಳಿದರೆ ನೊರೆಯೇ ಬೇಕಾಗುತ್ತದೆ. ವಿಮಾನ ನಿಲ್ದಾಣ, ತೈಲ ಸಂಗ್ರಹಾಗಾರಗಳಿಗೂ ಅದು ಬೇಕು. ಅದರ ಅಭ್ಯಾಸಕ್ಕೆ ಜಾಗವೂ ಬೇಕು. ಭಾರತ 2006ರಿಂದಲೇ ಸ್ಟಾಕ್‌ಹೋಮ್ ಒಪ್ಪಂದದ ಸದಸ್ಯ ರಾಷ್ಟ್ರ. ಆದರೂ ಕೇಂದ್ರ ಸಚಿವ ಸಂಪುಟ 2020ರಲ್ಲಿ ಅನುಮೋದಿಸಿದ ಏಳು ರಾಸಾಯನಿಕಗಳ ಪಟ್ಟಿಯಲ್ಲಿ ಪಿಎಫ್‌ಓಎಸ್ ಇರಲಿಲ್ಲ. 2012ರಲ್ಲಿ ಹೊರಬಂದ ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿಯೂ ಇದಕ್ಕೆ ಮಿತಿ ಹೇಳಿರಲಿಲ್ಲ. ಪರೀಕ್ಷಿಸದ ನೀರಿನ ವರದಿ ಯಾವಾಗಲೂ ಶುದ್ಧವಾಗಿಯೇ ಇರುತ್ತದೆ.

ಅಬ್ಬಿ ನೀರು ಕುಡಿದು ಬೆಳೆದ ನಮಗೆ ಒಂದು ನ್ಯಾಯ ಚೆನ್ನಾಗಿ ಗೊತ್ತು. ಮೇಲಿನ ಮನೆಯವರು ಒರತೆಯ ಬುಡದಲ್ಲಿ ಏನು ಚೆಲ್ಲುತ್ತಾರೋ ಅದು ಕೆಳಗಿನ ಮನೆಯ ಬಿಂದಿಗೆಗೆ ಬರುತ್ತದೆ. ಅಗ್ನಿಶಾಮಕ ತರಬೇತಿ ಕೇಂದ್ರಕ್ಕೂ ಈ ನ್ಯಾಯ ಅನ್ವಯಿಸಬೇಕು. ಎಲ್ಲಿಯಾದರೂ ಅಂಥ ಕೇಂದ್ರ ಬರುವುದಾದರೆ, ಇದ್ದರೆ, ನೆರೆಯ ಗ್ರಾಮಸಭೆ ನಾಲ್ಕು ಪ್ರಶ್ನೆಗಳನ್ನು ಕೇಳಲಿ. ಏನನ್ನು ಸುಡುತ್ತೀರಿ? ಯಾವ ನೊರೆ ಬಳಸುತ್ತೀರಿ? ಬಳಸಿದ ನೀರು ಎಲ್ಲಿಗೆ ಹೋಗುತ್ತದೆ? ಬಾವಿಗಳ ಪರೀಕ್ಷಾ ವರದಿಯನ್ನು ಯಾರಿಗೆ ಕೊಡುತ್ತೀರಿ? ಫ್ಲೋರಿನ್ ಇಲ್ಲದ ನೊರೆಗಳು ಇಂದು ದೊರೆಯುತ್ತವೆ. ಅಭ್ಯಾಸದ ನೀರನ್ನು ನೆಲಕ್ಕೆ ಬಿಡದೆ ಹಿಡಿದಿಡುವ ತೊಟ್ಟಿ ಕಟ್ಟಬಹುದು. ಇದು ದುಬಾರಿಯೆಂದು ಯಾರಾದರೂ ಹೇಳಿದರೆ, ಫಿಸ್ಕ್‌ವಿಲ್‌ಗೆ ಡ್ರಮ್ಮುಗಳು ಉಚಿತವಾಗಿಯೇ ಬಂದಿದ್ದವೆಂಬುದನ್ನು ಅವರಿಗೆ ನೆನಪಿಸಿ.

ಈ ಪ್ರಶ್ನೆಗಳು ನೆರೆಯವರನ್ನು ಮಾತ್ರವಲ್ಲ, ಹೊಗೆಯ ನಡುವೆ ನಿಂತು ಕಲಿಯುವ ಆ ಹುಡುಗರನ್ನೂ ಕಾಯುತ್ತವೆ. ನಮ್ಮ ಮನೆ ಉಳಿಸಲು ಬರುವವರ ಆರೋಗ್ಯದ ಬಗ್ಗೆ ವಿಚಾರಿಸುವುದು ಅಗೌರವವಲ್ಲ, ನಮ್ಮ ಕರ್ತವ್ಯ.