ಎಲ್ಲರ ಟೆರೇಸು, ಎಲ್ಲರ ಬೆಳಕು
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ನಾಡುನುಡಿಯ ಮಾತನ್ನು ಬಿಟ್ಟು ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪಗಳ ಮಾತನ್ನೆತ್ತಿದರೆ ತಮಗೆ ವಿಚಿತ್ರವೆನಿಸೀತು. ಆದರೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನಮ್ಮವರು ಬಹುಮಂದಿ ಬಾಳುವುದು ಸೊಸೈಟಿಯ ಕಟ್ಟಡಗಳಲ್ಲಿ. ಈ ಮೂರರ ವಿದ್ಯುತ್ ಬಿಲ್ಲು ಪ್ರತಿ ತಿಂಗಳೂ ಮೆಂಟೆನೆನ್ಸಿನ ಲೆಕ್ಕದಲ್ಲಿ ನಮ್ಮ ಮನೆಗೇ ಬಂದು ಸೇರುತ್ತದೆ. ಪಿಂಚಣಿಯ ಮೇಲೆ ದಿನ ಕಳೆಯುವ ಹಿರಿಯರಿಗೆ ಅದು ಸಣ್ಣ ಹೊರೆಯಲ್ಲ.

ವಿದ್ಯುತ್ತಿನ ಕಥೆ ಕನ್ನಡಿಗರಿಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 150 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪವಾಯಿತು. ಅಂದು ಮೈಸೂರು ಸರಕಾರ ಮನಸ್ಸು ಮಾಡಿತು, ಕೆಲಸವಾಯಿತು. ಇಂದಿನ ಸೌರವಿದ್ಯುತ್ತಿನ ಮಾತೇ ಬೇರೆ. ಸರಕಾರ ಸಹಾಯಧನವನ್ನೇನೋ ಇಟ್ಟಿದೆ. ಆದರೆ ಒಂದೇ ಸೂರಿನಡಿ ಇರುವ ನಾವು ಒಮ್ಮನಸ್ಸಾಗದೆ ಅದು ನಮ್ಮ ಕೈಸೇರದು.

2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ‘ಪಿ.ಎಂ. ಸೂರ್ಯ ಘರ್’ ಯೋಜನೆಗೆ 75,021 ಕೋಟಿ ರೂಪಾಯಿ ಮಂಜೂರು ಮಾಡಿತು. ಅವಧಿಯನ್ನು 2026–27ರ ವರೆಗೆ ಗೊತ್ತುಮಾಡಿತು. ಸ್ವಂತ ಸೂರುಳ್ಳವರಿಗೆ ಮೊದಲ ಎರಡು ಕಿಲೋವಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ. 78,000ಕ್ಕೆ ಮೀರಿ ಇಲ್ಲ. ಹೌಸಿಂಗ್ ಸೊಸೈಟಿಗಳ ಸಾಮೂಹಿಕ ಉಪಯೋಗಕ್ಕಾದರೆ ಕಿಲೋವಾಟಿಗೆ 18,000ದಂತೆ, 500 ಕಿಲೋವಾಟಿನ ಮಿತಿಯೊಳಗೆ.

ಹತ್ತು ಕಿಲೋವಾಟು ಹಾಕಿಸುವ ಸೊಸೈಟಿಗೆ 1,80,000 ರೂಪಾಯಿ ಬರುತ್ತದೆ. ಅದಕ್ಕೆ ನೆರಳು ಬೀಳದ ಸುಮಾರು ಸಾವಿರ ಚದರಡಿ ಜಾಗ ಬೇಕು. ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 40 ಯೂನಿಟ್ಟು ಹುಟ್ಟುತ್ತದೆ. ನಮ್ಮ ಕೊಂಕಣದ ಮಳೆಗಾಲದಲ್ಲಿ ಕಡಮೆ, ಬೇಸಗೆಯಲ್ಲಿ ಹೆಚ್ಚು. ಹಗಲು ಮಿಕ್ಕ ವಿದ್ಯುತ್ತು ಹೊರಗಿನ ತಂತಿಗೆ ಹೋಗುತ್ತದೆ. ನೆಟ್ ಮೀಟರು ಅದನ್ನು ಎಣಿಸಿಡುತ್ತದೆ, ಬಿಲ್ಲಿನಲ್ಲಿ ವಜಾ ಆಗುತ್ತದೆ.

ಇಷ್ಟು ಸುಲಭವಿದ್ದರೆ ತಡವೇಕೆ? ನಮ್ಮ ಸೊಸೈಟಿಯ ಅನುಭವವನ್ನೇ ಹೇಳುತ್ತೇವೆ. ಮೊದಲ ಸಭೆಯಲ್ಲಿ ಮೂರು ಆಕ್ಷೇಪಗಳು ಬಂದವು. ಸಹಾಯಧನವು ಕೆಲಸ ಮುಗಿದು ತಪಾಸಣೆಯಾದ ಮೇಲೆ ಬರುವಂಥದು. ಮೊದಲು ಹಣ ಹಾಕುವವರಾರು ಎಂದು ಒಬ್ಬರು ಕೇಳಿದರು. ಕರೆಂಟು ಹೋದಾಗ ಲಿಫ್ಟು ನಡೆಯುವುದೇ ಎಂದು ಇನ್ನೊಬ್ಬರು. ಬ್ಯಾಟರಿಯಿಲ್ಲದ ಏರ್ಪಾಟಿನಲ್ಲಿ ನಡೆಯದು. ತಂತಿ ದುರಸ್ತಿ ಮಾಡುವವರ ಜೀವರಕ್ಷಣೆಗಾಗಿ ಅದು ತಾನಾಗಿಯೇ ನಿಂತುಬಿಡುತ್ತದೆ. ಮೇಲ್ಮಹಡಿಯ ಮರಾಠಿ ಆಜಿಯೊಬ್ಬರು, “ಈಗಲೇ ನಮ್ಮ ಮನೆ ಸೋರುತ್ತಿದೆ, ಇನ್ನು ಮೊಳೆ ಹೊಡೆದರೆ ಗತಿಯೇನು?” ಎಂದರು. ಉತ್ತರ ಹೇಳುವವರಿಲ್ಲದೆ ಸಭೆ ಮುಂದೆ ಹೋಯಿತು.

ಆ ದಿನ ನಮ್ಮ ನಾಲ್ಕು ಕನ್ನಡದ ಮನೆಗಳಲ್ಲಿ ಮೂರು ಮನೆಯವರು ಸಭೆಗೇ ಹೋಗಿರಲಿಲ್ಲ. “ಇಂದೋ ನಾಳೆಯೋ ಊರಿಗೆ ಹೊರಡುವವರು, ನಮಗೇಕೆ?” ಎಂಬ ಹಳೆಯ ಮಾತು. ಹೀಗೆನ್ನುತ್ತಲೇ ಮೂವತ್ತು ವರ್ಷ ಕಳೆದಿವೆ. ನಮ್ಮ ಮಕ್ಕಳು ಇಲ್ಲಿಯೇ ಹುಟ್ಟಿ ಬೆಳೆದಿದ್ದಾರೆ. ಊರಿನ ಹಂಚಿನ ಮನೆಯ ಸೋರಿಕೆಗೆ ಹಣ ಕಳಿಸುವ ನಾವು, ತಲೆಯ ಮೇಲಿನ ಟೆರೇಸನ್ನು ಒಮ್ಮೆಯೂ ಹತ್ತಿ ನೋಡಿರಲಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಎರಡನೆಯ ಸಭೆಗೆ ನಾಲ್ಕು ಮನೆಯವರೂ ಹೋದೆವು. ಮೊದಲು ಟೆರೇಸಿನ ಸೋರಿಕೆ ನಿಲ್ಲಿಸುವುದು, ಆಮೇಲೆ ಫಲಕಗಳು ಎಂದು ಆಜಿಗೆ ಮಾತು ಕೊಟ್ಟೆವು. ಹಣಕ್ಕಾಗಿ ಸೊಸೈಟಿಯ ನಿಧಿ ಎಷ್ಟು, ಬ್ಯಾಂಕಿನ ಸಾಲ ಎಷ್ಟು ಎಂದು ಲೆಕ್ಕ ಹಾಕಲು ಐವರ ಸಮಿತಿಯಾಯಿತು. ಫಲಕಗಳು ಇನ್ನೂ ಬಂದಿಲ್ಲ. ಆದರೆ ಸೋರಿಕೆಯ ಕೆಲಸ ಮುಗಿದಿದೆ; ಆಜಿಯೇ ಈಗ, “ಅರ್ಜಿ ಎಲ್ಲಿಗೆ ಬಂತು?” ಎಂದು ಮೆಟ್ಟಿಲಲ್ಲಿ ನಿಲ್ಲಿಸಿ ಕೇಳುತ್ತಾರೆ.

ಬಂಧುಗಳೇ, ತಮ್ಮಲ್ಲಿ ನಮ್ಮ ಬಿನ್ನಹವಿಷ್ಟೇ. ಮುಂದಿನ ಸೊಸೈಟಿ ಸಭೆಯ ನೋಟೀಸು ಬಂದಾಗ ಅದನ್ನು ಮಡಿಸಿ ಬದಿಗಿಡಬೇಡಿ. ಹುಟ್ಟಿದ ನಾಡನ್ನು ನೆನೆಯುವ ಈ ದಿನ, ಅನ್ನ ಕೊಟ್ಟ ನೆಲದ ಸೂರನ್ನೂ ನಮ್ಮದೆಂದು ತಿಳಿಯೋಣ. ಸಹಾಯಧನಕ್ಕೆ ಕಾಲಮಿತಿಯುಂಟು, ನೆರೆಹೊರೆಯವರ ವಿಶ್ವಾಸವನ್ನು ನಾವೇ ಗಳಿಸಬೇಕು.